ಲೇಸಿಕ್ ಆದ ಮೇಲೆ ಕಣ್ಣಿಗೆ ಶಿಲೀಂಧ್ರ ತಗುಲದಂತೆ ನೋಡಿಕೊಳ್ಳುವ ಬಗೆ

ಕನ್ನಡಕದ ಅಗತ್ಯ ತಗ್ಗಿಸಲು ಮಾಡುವ ಲೇಸಿಕ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ, ಮೇಲ್ಪದರವನ್ನು ತೆಳುವಾದ ಮುಚ್ಚಳದಂತೆ ಎತ್ತಿ, ಒಳಭಾಗವನ್ನು ಲೇಸರ್‌ನಿಂದ ತಿದ್ದಿ, ಹೊಲಿಗೆಯಿಲ್ಲದೆ ಮತ್ತೆ ಕೂರಿಸುತ್ತಾರೆ. ಆ ಪದರದಡಿಗೆ ಶಿಲೀಂಧ್ರ ಸೇರುವುದು ಅಪರೂಪ. ಆದರೆ ಸೇರಿತೆಂದರೆ, ಹೊರಗಿನಿಂದ ಹಾಕಿದ ಔಷಧಿ ಅಲ್ಲಿಗೆ ಸುಲಭವಾಗಿ ಇಳಿಯದ ಕಾರಣ, ದೃಷ್ಟಿಗೇ ಕುತ್ತು ಬರಬಹುದು.

ಫ್ಯುಸೇರಿಯಂ, ಆಸ್ಪರ್ಜಿಲಸ್ ಮುಂತಾದ ಶಿಲೀಂಧ್ರಗಳು ಮಣ್ಣಿನಲ್ಲಿ ಮತ್ತು ಕೊಳೆಯುವ ಸಸ್ಯಗಳಲ್ಲಿ ಬದುಕುತ್ತವೆ. ಆದ್ದರಿಂದ ವೈದ್ಯರು ಅನುಮತಿ ಕೊಡುವವರೆಗೆ ರಾಗಿ, ಭತ್ತ ಒಕ್ಕುವ ಕಣದಿಂದ, ಕೈತೋಟದ ಕೆಲಸದಿಂದ, ಕೆರೆ ಮತ್ತು ಈಜುಕೊಳದಿಂದ ದೂರವಿರಿ. ತಲೆಗೆ ನೀರು ಹಾಕಿಕೊಳ್ಳಬೇಡಿ, ಕಣ್ಣು ಉಜ್ಜಬೇಡಿ. ನಂದಿಬಟ್ಟಲಿನ ರಸ, ಹರಳೆಣ್ಣೆ, ಎದೆಹಾಲು ಇವುಗಳನ್ನು ಪ್ರೀತಿಯಿಂದ ಹೇಳುವ ಹಿರಿಯರು ಮನೆಯಲ್ಲಿದ್ದರೂ ಕಣ್ಣಿಗೆ ಬಿಡಬೇಡಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಸ್ಟೀರಾಯ್ಡ್ ಹನಿಯ ವಿಷಯ. ಲೇಸಿಕ್ ನಂತರದ ಉರಿಯೂತಕ್ಕೆ ಅದು ಅಗತ್ಯ. ಆದರೆ ಅದೇ ಹನಿ ಕಣ್ಣಿನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ. ವಾಸಿಯಾದಂತಿದ್ದ ಕಣ್ಣು ಎರಡು ಮೂರು ವಾರಗಳ ಬಳಿಕ ಮತ್ತೆ ಕೆಂಪಾದಾಗ, ಉಳಿದಿದ್ದ ಬಾಟಲಿಯನ್ನು ತೆಗೆದು ತಾವಾಗಿಯೇ ಹಾಕಿಕೊಳ್ಳುವುದು ಅತ್ಯಂತ ಅಪಾಯಕಾರಿ. ಕೆಂಪು ಕೆಲಕಾಲ ಇಳಿದಂತೆ ಕಂಡರೂ ಒಳಗೆ ಸೋಂಕು ಹಬ್ಬುತ್ತಿರಬಹುದು.

ನೋವು, ಬೆಳಕು ಸಹಿಸಲಾಗದಿರುವುದು, ನೀರು ಸುರಿಯುವುದು, ಮಸುಕು ದೃಷ್ಟಿ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಲ್ಲಿಗೆ, ಅವರು ಸಿಗದಿದ್ದರೆ ಕಾರ್ನಿಯಾ ತಜ್ಞರಲ್ಲಿಗೆ ಹೋಗಿ. ಬಳಸಿದ ಎಲ್ಲ ಹನಿಗಳ ಬಾಟಲಿಗಳನ್ನೂ ಜೊತೆಗೆ ಒಯ್ಯಿರಿ. ಶಂಕೆ ಬಂದರೆ ಅವರು ಪದರವನ್ನು ಎತ್ತಿ, ಅಡಿಯಿಂದ ಚೂರು ಕೆರೆದು ತೆಗೆದು, ಗಾಜಿನ ಪಟ್ಟಿಯ ಮೇಲೆ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ಹುಡುಕುತ್ತಾರೆ, ಕಲ್ಚರ್‌ಗೂ (ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಗೂ) ಕಳಿಸುತ್ತಾರೆ. ಈ ಪರೀಕ್ಷೆಗೆ ಹಿಂಜರಿಯಬೇಡಿ, ಏಕೆಂದರೆ ಬ್ಯಾಕ್ಟೀರಿಯಾದ ಔಷಧಿ ಶಿಲೀಂಧ್ರಕ್ಕೆ ನಾಟುವುದಿಲ್ಲ.

ಎಳೆಯುಳ್ಳ ಶಿಲೀಂಧ್ರಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಶೇ. 5ರ ನಟಾಮೈಸಿನ್ ಎಂಬ ಶಿಲೀಂಧ್ರನಾಶಕ ಹನಿ. ಹಾಲಿನಂತೆ ಬೆಳ್ಳಗಿರುವ ಈ ಔಷಧಿ ತಳದಲ್ಲಿ ಕೂರುತ್ತದೆ. ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಕುಲುಕಿ, ತುದಿ ರೆಪ್ಪೆಗೆ ತಾಗದಂತೆ ಹಾಕಿ. ಆರಂಭದಲ್ಲಿ ಗಂಟೆಗೊಮ್ಮೆ, ರಾತ್ರಿಯೂ ಹಾಕಬೇಕಾಗಬಹುದು. ಅಲಾರಂ ಇಟ್ಟುಕೊಳ್ಳಿ, ಮನೆಯವರ ಸಹಾಯ ಕೇಳಿ. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ, ನೋವು ಹೋದ ಮಾತ್ರಕ್ಕೆ ಹನಿ ನಿಲ್ಲಿಸುವಂತಿಲ್ಲ.