ಹೊಸ ಮ್ಯುಟೇಶನ್ ಎಷ್ಟು? ಲೆಕ್ಕ ಹಾಕೋದು ಹೀಗೆ

ಮ್ಯುಟೇಶನ್ ಅಂದರೆ ಜೀನ್‌ನಲ್ಲಿ ಆಗುವ ಬದಲಾವಣೆ. ಅದು ಹೊಸದಾಗಿ ಎಷ್ಟು ಸಲ ಆಗುತ್ತದೆ ಅಂತ ಲೆಕ್ಕ ಹಾಕೋಕೆ ಮೊದಲು ಕಾಯಿಲೆ ಆರಿಸಿಕೊಳ್ಳಿ. ಜೀನ್‌ನ ಒಂದೇ ಪ್ರತಿ ಕೆಟ್ಟರೂ ಹುಟ್ಟಿದಾಗಲೇ ಕಾಣುವಂಥದ್ದು ಬೇಕು. ಕೈಕಾಲು ಗಿಡ್ಡ ಉಳಿಯುವ ಅಕಾಂಡ್ರೊಪ್ಲೇಸಿಯಾವನ್ನು ಎಲ್ಲರೂ ಹಿಡಿಯೋದು ಅದಕ್ಕೇ. ಅಪ್ಪ ಅಮ್ಮ ಇಬ್ಬರಿಗೂ ಇಲ್ಲದೆ ಮಗುವಿಗೆ ಬಂದಿದ್ದರೆ ಅದು ಹೊಸದು.

1941ರಲ್ಲಿ ಡೆನ್ಮಾರ್ಕಿನ ವೈದ್ಯ ಮೋರ್ಕ್ ಹಾಕಿದ ಲೆಕ್ಕ ನೋಡಿ. 94,075 ಹೆರಿಗೆ, ಈ ಕಾಯಿಲೆಯ 10 ಮಕ್ಕಳು, ಅದರಲ್ಲಿ 2 ಮಕ್ಕಳ ಹೆತ್ತವರಲ್ಲೇ ಇತ್ತು. ಉಳಿದದ್ದು 8. ಇದನ್ನು 94,075ರಿಂದ ಭಾಗಿಸಿಬಿಡಬೇಡಿ! ಪ್ರತಿ ಮಗುವಿಗೆ ಎರಡು ಪ್ರತಿ ಇರುತ್ತದಲ್ವಾ, ಅಪ್ಪನದೊಂದು ಅಮ್ಮನದೊಂದು, ಹಾಗಾಗಿ 1,88,150ರಿಂದ ಭಾಗಿಸಬೇಕು. ಲಕ್ಷ ಪ್ರತಿಗೆ ಸುಮಾರು 4 ಬರುತ್ತದೆ. ಆದರೆ 8 ತೀರಾ ಸಣ್ಣ ಸಂಖ್ಯೆ, ನಿಜವಾದ ದರ ಲಕ್ಷಕ್ಕೆ 2 ಇರಬಹುದು, 8 ಕೂಡ ಇರಬಹುದು. ಮೇಲಾಗಿ ನೋಡೋಕೆ ಹಾಗೇ ಇರುವ ಬೇರೆ ಕಾಯಿಲೆಗಳೂ ಆ ಹತ್ತರಲ್ಲಿ ಸೇರಿದ್ದವು, ಲೆಕ್ಕ ಜಾಸ್ತಿಯಾಯಿತು.

ನಮ್ಮ ಕಡೆ ಇನ್ನೊಂದು ತೊಡಕು. ಕಷ್ಟದ ಹೆರಿಗೆ ಅಂದರೆ ಕೊಪ್ಪಳದ ಹಳ್ಳಿಯಿಂದಲೂ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಗಾಡಿ ಹತ್ತಿಸುತ್ತಾರೆ. ಕಾಯಿಲೆಯ ಮಕ್ಕಳು ನಾಲ್ಕಾರು ತಾಲೂಕಿನವರು, ಹೆರಿಗೆ ಲೆಕ್ಕ ಮಾತ್ರ ಆ ಒಂದು ಆಸ್ಪತ್ರೆಯದು, ಅದು ಹೇಗೆ ಹೊಂದುತ್ತದೆ? ಒಂದು ತಾಲೂಕು ಹಿಡಿಯಿರಿ, ಆ ತಾಲೂಕಿನವರು ಎಲ್ಲೇ ಹೆತ್ತರೂ ಎಣಿಸಿ.

ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗೆ ಈ ದಾರಿ ನಡೆಯೋದಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಕೆಟ್ಟ ಪ್ರತಿ ನೂರಕ್ಕೊಂದು ಇದೆ ಅಂದುಕೊಳ್ಳಿ. ಸಂಬಂಧ ಇಲ್ಲದವರಲ್ಲಿ ಹತ್ತು ಸಾವಿರಕ್ಕೆ ಒಂದು ಮಗು, ಮಾವ-ಸೊಸೆ ಮದುವೆಯಲ್ಲಿ ಸುಮಾರು ಹದಿಮೂರು. ಮ್ಯುಟೇಶನ್ ಒಂದೂ ಹೆಚ್ಚಿಲ್ಲ, ಹಳೇದೇ ಎರಡೂ ಕಡೆಯಿಂದ ಬಂದು ಕೂಡಿದೆ. ಊರಲ್ಲಿ ಇಷ್ಟೊಂದು ಮಕ್ಕಳು ಹೀಗಿದ್ದಾರೆ ಅಂತ ದರ ಏರಿಸಿ ಬರೆದರೆ ಪೂರಾ ತಪ್ಪು.

ಹೆಚ್ಚುಕಮ್ಮಿ ಗಂಡು ಮಕ್ಕಳಿಗೇ ಬರುವ, ಸ್ನಾಯು ಸವೆಯುವ ಡುಶೆನ್ ಕಾಯಿಲೆ ಥರದ್ದಕ್ಕೆ ಬ್ರಿಟಿಷ್ ತಳಿವಿಜ್ಞಾನಿ ಹಾಲ್ಡೇನ್ ತೋರಿಸಿದ ದಾರಿ ಸುಲಭ. ಇದರ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಹೆಂಗಸರಿಗೆ ಅದು ಎರಡು, ಗಂಡಸರಿಗೆ ಒಂದು, ಹಾಗಾಗಿ ಮೂರನೇ ಒಂದು ಭಾಗ ಗಂಡಸರಲ್ಲಿದೆ. ರೋಗ ಬಂದವರು ಮಕ್ಕಳನ್ನು ಪಡೆಯದಿದ್ದರೆ ಅಲ್ಲಿದ್ದ ಕೆಟ್ಟ ಪ್ರತಿ ಅಲ್ಲಿಗೇ ಮುಗಿಯಿತು, ಅಷ್ಟನ್ನು ಹೊಸ ಮ್ಯುಟೇಶನ್ ತುಂಬುತ್ತಿರಬೇಕು. 5,000 ಗಂಡು ಮಕ್ಕಳಿಗೆ ಒಬ್ಬ ಅಂದರೆ ದರ 15,000ಕ್ಕೆ ಒಂದು.

ಅಪ್ಪನ ವಯಸ್ಸನ್ನೂ ಮರೆಯದೆ ಬರೆದುಕೊಳ್ಳಿ, ಅಕಾಂಡ್ರೊಪ್ಲೇಸಿಯಾದ ಹೊಸ ಮ್ಯುಟೇಶನ್ ಹೆಚ್ಚುಕಮ್ಮಿ ಎಲ್ಲವೂ ಅಪ್ಪನ ಕಡೆಯಿಂದಲೇ ಬರುತ್ತವೆ, ವಯಸ್ಸಾದಷ್ಟೂ ಜಾಸ್ತಿ. ಆಧಾರ್ ಒಂದನ್ನೇ ನಂಬಬೇಡಿ. ಅದರಲ್ಲಿ ಅರ್ಧ ಊರು ಜನವರಿ 1ಕ್ಕೇ ಹುಟ್ಟಿರುತ್ತದೆ.