ಖಾಲಿ ಹುದ್ದೆಯ ಕಡತ: ಸಿಬ್ಬಂದಿ ಶಾಖೆಯ ಅನುಭವ

ಇಲಾಖೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ಮಂಜೂರಾತಿ ಆದೇಶಗಳನ್ನು ಕೂಡಿದರೆ ಒಂದು ಸಂಖ್ಯೆ, ಎಚ್‌ಆರ್‌ಎಂಎಸ್ (ನೌಕರರ ಸೇವೆ, ಸಂಬಳದ ಗಣಕ ವ್ಯವಸ್ಥೆ) ತೋರಿಸುವುದು ಇನ್ನೊಂದು, ಜಿಲ್ಲಾ ಕಚೇರಿಗಳ ಗೋಷ್ವಾರೆಯಲ್ಲಿ (ಒಟ್ಟು ಲೆಕ್ಕದ ಪಟ್ಟಿಯಲ್ಲಿ) ಮತ್ತೊಂದು. ಮೂರೂ ತಾಳೆಯಾಗುವ ತನಕ ನಾವು ಹುದ್ದೆ ಭರ್ತಿಯ ಪ್ರಸ್ತಾವನೆ ಬರೆಯಲು ಕೂರುವುದಿಲ್ಲ. ಪರೀಕ್ಷೆ ನಡೆಸುವ ಕೆಲಸ ಕರ್ನಾಟಕ ಲೋಕಸೇವಾ ಆಯೋಗದ್ದೋ (ಕೆಪಿಎಸ್‌ಸಿ) ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದೋ (ಕೆಇಎ) ಆಗಿರುತ್ತದೆ. ನಮ್ಮ ಕೈಯಲ್ಲಿರುವುದು ಸಂಖ್ಯೆ, ಅದು ತಪ್ಪಿದರೆ ಎರಡು ವರ್ಷದ ಮೇಲೆ ನ್ಯಾಯಮಂಡಳಿಯಲ್ಲಿ ಉತ್ತರ ಕೊಡುವವರೂ ನಾವೇ.

ಬೆಳೆಯುವ ಇಲಾಖೆಯಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಸ್ಥಳಾಂತರಗೊಂಡ ಹುದ್ದೆಗಳಲ್ಲಿ. 2017-18ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕು ಘೋಷಣೆಯಾದವು. ಹೊಸ ತಾಲ್ಲೂಕು ಕಚೇರಿಗೆ ಹೊಸ ಹುದ್ದೆ ಮಂಜೂರಾಗದೆ ಹಳೆಯ ತಾಲ್ಲೂಕಿನದನ್ನೇ ಎತ್ತಿಕೊಟ್ಟಿದ್ದರೆ, ಅದು ಎರಡೂ ಕಡೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಹುದ್ದೆಯ ಎದುರು ಮಂಜೂರಾತಿ ಆದೇಶದ ಸಂಖ್ಯೆ, ದಿನಾಂಕ ಬರೆಯುತ್ತೇವೆ. ಆದೇಶ ಸಿಗದ ಹುದ್ದೆಯನ್ನು ಬೇಡಿಕೆಗೆ ಸೇರಿಸುವುದಿಲ್ಲ. ತಾತ್ಕಾಲಿಕ ಹುದ್ದೆಯಾದರೆ ಮುಂದುವರಿಕೆ ಆದೇಶವೂ ಬೇಕು.

ಕುರ್ಚಿ ಖಾಲಿ ಇದ್ದ ಮಾತ್ರಕ್ಕೆ ಹುದ್ದೆ ಖಾಲಿ ಅಲ್ಲ. ನಿಯೋಜನೆ ಮೇಲೆ ಹೋದವರ, ಅಮಾನತಿನಲ್ಲಿರುವವರ, ವರ್ಷಗಟ್ಟಲೆ ಅನಧಿಕೃತವಾಗಿ ಗೈರಾದವರ ಹುದ್ದೆಗಳ ಮೇಲೆ ಅವರ ಹಕ್ಕು ಉಳಿದಿರುತ್ತದೆ. ಇದಕ್ಕೆ ವಿರುದ್ಧವಾಗಿ, ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 32ರಡಿ ಪ್ರಭಾರದಲ್ಲಿ ಒಬ್ಬರು ಕೂತಿರುವ ಹುದ್ದೆ ತುಂಬಿದಂತೆ ಕಂಡರೂ ಅದು ಖಾಲಿಯೇ. ಮುಂದೆ ನಿವೃತ್ತರಾಗುವವರಿಗೆ ಬೇರೆ ಕಲಂ ಇಡಬೇಕು. 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ 1ನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ಹೋಗುತ್ತಾರೆ. ಶಾಲಾ ದಾಖಲೆಯಲ್ಲಿ ಜೂನ್ 1 ಬರೆಸಿಕೊಂಡವರು ನಮ್ಮಲ್ಲಿ ಎಷ್ಟಿದ್ದಾರೆಂದು ಸೇವಾ ಪುಸ್ತಕ ತಿರುವಿದವರಿಗೆ ಗೊತ್ತು!

ನಂತರ ವೃಂದ ಮತ್ತು ನೇಮಕಾತಿ ನಿಯಮ ತೆಗೆದು ಬಡ್ತಿ ಪಾಲು, ನೇರ ನೇಮಕಾತಿ ಪಾಲು ಬೇರ್ಪಡಿಸಬೇಕು. ಬಡ್ತಿಗೆ ಅರ್ಹರಿಲ್ಲ ಎಂದು ಆ ಪಾಲನ್ನು ನೇರ ನೇಮಕಾತಿಗೆ ತಿರುಗಿಸುವ ಆಸೆ ಎಲ್ಲ ಶಾಖೆಗಳಿಗೂ ಬರುತ್ತದೆ. ನಿಯಮದಲ್ಲಿ ಅವಕಾಶವಿಲ್ಲದೆ ಹಾಗೆ ಮಾಡಿದರೆ ಜ್ಯೇಷ್ಠತಾ ಪಟ್ಟಿಯ ಜಗಳ ಹತ್ತು ವರ್ಷ ಬೆನ್ನು ಬಿಡುವುದಿಲ್ಲ.

ಯಾವ ಹುದ್ದೆ ಯಾವ ಮೀಸಲಾತಿ ವರ್ಗಕ್ಕೆ ಎಂದು ಸರದಿಯಲ್ಲಿ ಗುರುತಿಸುವ ರೋಸ್ಟರ್ 100 ಬಿಂದುಗಳದು. ಹಿಂದಿನ ನೇಮಕಾತಿ ನಿಂತ ಬಿಂದುವಿನ ಮುಂದಿನದರಿಂದಲೇ ಹೊರಡಬೇಕು, ಪ್ರತಿ ಅಧಿಸೂಚನೆಗೆ ಒಂದರಿಂದ ಅಲ್ಲ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕಿರುವ ಸ್ಥಳೀಯ ವೃಂದಕ್ಕೂ ರಾಜ್ಯದ ಉಳಿದ ಭಾಗದ ಉಳಿಕೆ ಮೂಲ ವೃಂದಕ್ಕೂ ಪ್ರತ್ಯೇಕ ವಹಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 80 ಸ್ಥಳೀಯರಿಗೆ ಮೀಸಲು. 40 ಹುದ್ದೆಯಿದ್ದರೆ 32 ಅವರಿಗೆ. ಉಳಿದ 8 ಎಲ್ಲರಿಗೂ ತೆರೆದವು, ಸ್ಥಳೀಯರೂ ಅಲ್ಲಿ ಸ್ಪರ್ಧಿಸಬಹುದು. ಆ 8ನ್ನು ಹೊರಗಿನವರ ಪಾಲು ಎಂದು ಓದುವುದು ಸಾಮಾನ್ಯ ತಪ್ಪು. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮದಂಥ ಸಮತಲ ಮೀಸಲಾತಿಯ (ಪ್ರತಿ ವರ್ಗದೊಳಗೂ ಅನ್ವಯಿಸುವ ಮೀಸಲಾತಿ) ಭಿನ್ನಾಂಶಗಳನ್ನು ಹೇಗೆ ಪೂರ್ಣಗೊಳಿಸಿದೆವು ಎಂಬ ಲೆಕ್ಕದ ಹಾಳೆಯನ್ನು ಕಡತದಲ್ಲೇ ಇಡುತ್ತೇವೆ. ಬರೆದವರು ವರ್ಗವಾಗಿ ಹೋದ ಮೇಲೆ ಅದೊಂದೇ ಸಾಕ್ಷಿ. ಪರಿಶಿಷ್ಟ ಜಾತಿ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಕೊನೆಯಲ್ಲಿ ಸರ್ಕಾರ ಹೇಳಿದಾಗ, ಬಿಂದುವಾರು ಹಾಳೆ ಇಟ್ಟುಕೊಂಡ ಶಾಖೆಗಳಿಗೆ ವರ್ಗೀಕರಣ ತಿದ್ದುವುದು ಸುಲಭವಾಯಿತು. ಒಟ್ಟು ಸಂಖ್ಯೆ ಮಾತ್ರ ಇದ್ದವರಿಗೆ ಮೊದಲಿನಿಂದ ಕೆಲಸವಾಯಿತು.

ಆರ್ಥಿಕ ಇಲಾಖೆಯ ಸಹಮತಿಗೆ ಹೋಗುವ ಟಿಪ್ಪಣಿಯಲ್ಲಿ ಹುದ್ದೆ ಸೃಜನೆಯನ್ನೂ ಭರ್ತಿಯನ್ನೂ ಒಟ್ಟಿಗೆ ಕೇಳಬಾರದು. ಸೃಜನೆಗೆ ಎದ್ದ ಆಕ್ಷೇಪಣೆಗೆ ಭರ್ತಿಯೂ ಸಿಕ್ಕಿಕೊಂಡು ಕಡತ ವಾಪಸ್ ಬರುತ್ತದೆ. ಎರಡು ಕಡತ ಮಾಡಿ, ಭರ್ತಿಯದನ್ನು ಮೊದಲು ಕಳಿಸಿ. ಅದರಲ್ಲಿ ಮಂಜೂರಾತಿ ಆದೇಶಗಳ ಪ್ರತಿ, ವೇತನ ಶ್ರೇಣಿ, ಮೂಲ ವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಸೇರಿಸಿದ ವಾರ್ಷಿಕ ವೆಚ್ಚ, ಕಚೇರಿವಾರು ಕೆಲಸದ ಹೊರೆ ಇರಲಿ. ಕೇಳಿದಷ್ಟು ಕೊಡುವುದು ಅಪರೂಪ. ಯಾವ ಹುದ್ದೆ ಮೊದಲ ಹಂತಕ್ಕೆ ಎಂಬ ಆದ್ಯತೆಯನ್ನು ನಾವೇ ಬರೆಯದಿದ್ದರೆ ಅವರು ಸಾರಾಸಗಟಾಗಿ ಕತ್ತರಿಸುತ್ತಾರೆ.

ಅಧಿಸೂಚನೆಗೆ ಮುನ್ನ ವಿದ್ಯಾರ್ಹತೆಯ ಸಾಲನ್ನು, ಅದರಲ್ಲೂ 'ತತ್ಸಮಾನ' ಎಂಬ ಪದವನ್ನು ಬಿಡಿಸಿ ನೋಡಿ. ಯಾವ ಕೋರ್ಸ್ ತತ್ಸಮಾನ ಎಂದು ಆಗಲೇ ಬರೆಸಿಕೊಳ್ಳಬೇಕು. ಪ್ರಕ್ರಿಯೆ ಶುರುವಾದ ಮೇಲೆ, ನಿಯಮ ಅವಕಾಶ ಕೊಡದಿದ್ದರೆ ಅರ್ಹತಾ ಮಾನದಂಡ ಬದಲಿಸುವಂತಿಲ್ಲ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ.

ಆಯ್ಕೆ ಪಟ್ಟಿ ಬಂದ ಮೇಲೆ ಸಮಯ ತಿನ್ನುವುದು ದಾಖಲೆ ಪರಿಶೀಲನೆ. ಅಂಕಪಟ್ಟಿಯ ನೈಜತೆ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ವರದಿ ಇವು ಒಂದಾದ ಮೇಲೊಂದು ಹೋದರೆ ವರ್ಷ ಕಳೆಯುತ್ತದೆ. ನಾವು ಎಲ್ಲವನ್ನೂ ಒಂದೇ ದಿನ ಹೊರಡಿಸುತ್ತೇವೆ. ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯವಾರು, ಸಿಂಧುತ್ವದ ಪತ್ರಗಳನ್ನು ಜಿಲ್ಲಾವಾರು ಕಟ್ಟು ಕಟ್ಟಿ ಮುದ್ದಾಂ (ಖುದ್ದಾಗಿ ಒಯ್ಯುವ ಸಿಬ್ಬಂದಿ) ಮೂಲಕ ಕಳಿಸಿದರೆ ಬೇಗ ಉತ್ತರ ಬರುತ್ತದೆ. ಪರಿಶೀಲನಾ ಶುಲ್ಕ ಕಟ್ಟದೆ ಹೋದ ಕಟ್ಟು ಮಾತ್ರ ಹೋದಲ್ಲೇ ಇರುತ್ತದೆ.

ಅದೇ ಅಭ್ಯರ್ಥಿಗಳು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪಟ್ಟಿಗಳಲ್ಲೂ ಇರುತ್ತಾರೆ. ಬರುವವರೆಷ್ಟು ಎಂದು ದಾಖಲೆ ಪರಿಶೀಲನೆಯ ದಿನವೇ ಕೇಳಿ ಗುರುತು ಹಾಕಿಕೊಳ್ಳುತ್ತೇವೆ. ಬಾರದವರ ಜಾಗಕ್ಕೆ ಹೆಚ್ಚುವರಿ ಪಟ್ಟಿ ಕೇಳಿ ಪತ್ರ ಬರೆಯಲು ತಡವಾದರೆ ಆ ಹುದ್ದೆ ಮುಂದಿನ ನೇಮಕಾತಿಗೇ.

ಸೇರಿದವರು ನಿಲ್ಲಬೇಕಾದರೆ ಮೊದಲ ಸಂಬಳ ಬರಬೇಕು. ಅದಕ್ಕೆ ಎಚ್‌ಆರ್‌ಎಂಎಸ್ ನೋಂದಣಿ, ಎನ್‌ಪಿಎಸ್‌ನ (ಪಿಂಚಣಿ ಯೋಜನೆಯ) ಪ್ರಾನ್ ಎಂಬ ಖಾತೆ ಸಂಖ್ಯೆ, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಪ್ರಸ್ತಾವನೆ ಬೇಕು. ಇವುಗಳ ನಮೂನೆಗಳನ್ನು ವರದಿ ಮಾಡಿಕೊಂಡ ದಿನವೇ ತುಂಬಿಸುತ್ತೇವೆ. ಹೊಸ ಕಚೇರಿಯಲ್ಲಿ ಇನ್ನೂ ಒಂದು ಗಂಟು: ಅಲ್ಲಿ ಡಿಡಿಒ (ಸಂಬಳದ ಬಿಲ್ಲು ಮಾಡಿ ಖಜಾನೆಯಿಂದ ಹಣ ಸೆಳೆಯುವ ಅಧಿಕಾರಿ) ಕೋಡೇ ಇರುವುದಿಲ್ಲ. ಸಂಬಳ ಬೇರೆ ಕಚೇರಿಯ ಬಿಲ್ಲಿನಲ್ಲಿ ಹೋಗಬೇಕು, ಅಲ್ಲಿ ಹುದ್ದೆ ಇಲ್ಲವೆಂದು ಬಿಲ್ಲು ಹಿಂದಿರುಗುತ್ತದೆ, ಮೂರನೇ ತಿಂಗಳಿಗೆ ನೌಕರ ಊರ ಹತ್ತಿರಕ್ಕೆ ನಿಯೋಜನೆ ಕೇಳಿ ಅರ್ಜಿ ಕೊಡುತ್ತಾನೆ. ಅದಕ್ಕೇ ಡಿಡಿಒ ಕೋಡಿನ ಪತ್ರ ನಮ್ಮಲ್ಲಿ ಸಹಮತಿ ಕಡತ ಹೊರಟ ವಾರವೇ ಖಜಾನೆಗೆ ಹೋಗುತ್ತದೆ.