ಡಯಾಲಿಸಿಸ್ ಹಾಸಿಗೆಯಲ್ಲಿ ಭಾಮಿನಿ ಷಟ್ಪದಿ

ವಾರಕ್ಕೆ ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾದವರಿಗೆ ಆ ಹೊತ್ತನ್ನು ಕಳೆಯುವುದೇ ದೊಡ್ಡ ಚಿಂತೆ. ನನ್ನ ಎಡಗೈಯಲ್ಲಿ ಫಿಸ್ಟುಲಾ ಇದೆ. ಅಂದರೆ ಅಪಧಮನಿಯೊಂದನ್ನು ಅಭಿಧಮನಿಗೆ ಜೋಡಿಸಿ, ಯಂತ್ರಕ್ಕೆ ಬೇಕಾದಷ್ಟು ರಕ್ತ ಹರಿಯುವಂತೆ ಮಾಡಿದ್ದಾರೆ. ಎರಡು ದಪ್ಪ ಸೂಜಿಗಳು ಒಳಗಿರುವಷ್ಟು ಹೊತ್ತೂ ಆ ಕೈಯನ್ನು ಅಲುಗಿಸುವಂತಿಲ್ಲ. ಬಲಗೈಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿರುತ್ತದೆ, ಅದು ಆಗಾಗ ತಾನಾಗಿಯೇ ಬಿಗಿಯುತ್ತದೆ. ಪುಸ್ತಕ ಹಿಡಿದು ಪುಟ ಮಗುಚುವುದು ಅಲ್ಲಿ ಆಗದ ಮಾತು. ಪದ್ಯಗಳನ್ನು ಬಾಯಿಪಾಠ ಮಾಡುವ ಶಾಲೆಯ ದಿನಗಳ ಅಭ್ಯಾಸಕ್ಕೆ ನಾನು ಮರಳಿದ್ದು ಈ ಕೈಗಳ ದೆಸೆಯಿಂದಲೇ.

ನೋಡಲು ಬಂದವರೆಲ್ಲ ಧೈರ್ಯ ಹೇಳುವ ಪದ್ಯಗಳನ್ನೇ ತಂದರು. ಅವರ ಪ್ರೀತಿ ದೊಡ್ಡದು. ಆದರೆ ಗಟ್ಟಿಮುಟ್ಟಾಗಿರುವವರ ಬಾಯಲ್ಲಿ ಸೊಗಸಾಗಿ ಕೇಳಿಸುವ ಸಹನೆಯ ಉಪದೇಶ, ಸೂಜಿ ಚುಚ್ಚಿಸಿಕೊಂಡು ಮಲಗಿದವನಿಗೆ ಅಷ್ಟು ಹಿತವಾಗುವುದಿಲ್ಲ. ಮಳೆಯ ಪದ್ಯಗಳನ್ನಂತೂ ನಾನೇ ದೂರವಿಟ್ಟೆ. ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕುಡಿಯಬೇಕಾದವನಿಗೆ ಅವುಗಳಿಂದ ಬಾಯಾರಿಕೆಯೇ ಹೆಚ್ಚಾಗುತ್ತಿತ್ತು.

ಕೊನೆಗೆ ಕೈಹಿಡಿದದ್ದು ಕುಮಾರವ್ಯಾಸ. ಕಥೆಗಿಂತ ಮೊದಲು ನೆರವಾದದ್ದು ಅವನ ಛಂದಸ್ಸು. ಭಾಮಿನಿ ಷಟ್ಪದಿಯಲ್ಲಿ 1, 2, 4 ಮತ್ತು 5ನೆಯ ಸಾಲುಗಳು ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆಗಳಲ್ಲಿ (ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು) ನಡೆದರೆ, 3 ಮತ್ತು 6ನೆಯ ಸಾಲುಗಳು ಅದೇ ನಡೆಯಲ್ಲಿ 21 ಮಾತ್ರೆಗಳವರೆಗೆ ಸಾಗಿ, ಮೇಲೊಂದು ಗುರುವಿನಲ್ಲಿ, ಅಂದರೆ ಎರಡು ಮಾತ್ರೆಯ ಅಕ್ಷರದಲ್ಲಿ, ನಿಲ್ಲುತ್ತವೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳಂತೆ ನಿಧಾನವಾಗಿ, ತುಟಿಯೊಳಗೇ ಹೇಳಿಕೊಂಡರೆ ಆ ಉದ್ದದ ಸಾಲಿಗೆ ಉಸಿರನ್ನು ಎಳೆದು ಬಿಡಲೇಬೇಕಾಗುತ್ತದೆ. ಸಿಸ್ಟರ್ ಸೂಜಿ ಹಿಡಿದಾಗ ನಾನು ಪದ್ಯ ಆರಂಭಿಸುತ್ತೇನೆ. ಮೂರನೆಯ ಸಾಲಿನ ಉಸಿರು ಹೊರಗೆ ಹೋಗುತ್ತಿರುವಾಗ ಚುಚ್ಚಿದರೆ ಕೈ ಬಿಗಿಯಾಗುವುದಿಲ್ಲ. ನೋವು ಇದ್ದೇ ಇರುತ್ತದೆ, ಆದರೆ ಅದಕ್ಕಾಗಿ ಕಾಯುತ್ತ ಕೂರುವ ಹೆದರಿಕೆ ತಗ್ಗಿದೆ. ಹಿಂದಿನ ಸಂಜೆಯೇ ಒಂದು ಪದ್ಯವನ್ನು ದಪ್ಪ ಅಕ್ಷರಗಳಲ್ಲಿ ಬಿಡಿ ಹಾಳೆಯ ಮೇಲೆ ಬರೆದಿಟ್ಟುಕೊಳ್ಳುತ್ತೇನೆ, ಮರೆತ ಕಡೆ ಬಲಗೈಯಲ್ಲಿ ಎತ್ತಿ ನೋಡಿದರಾಯಿತು. ಗದ್ಯ ಪದ್ಯ ಬೆರೆತ ಹಳಗನ್ನಡದ ಚಂಪುವನ್ನೂ ಪ್ರಯತ್ನಿಸಿದ್ದುಂಟು, ಆದರೆ ರಕ್ತದೊತ್ತಡ ಇಳಿದು ತಲೆ ಮಂಕಾದ ಹೊತ್ತಿಗೆ ಅದು ಒದಗುವುದಿಲ್ಲ.

ಮನೆಯಲ್ಲಿ ನೆರವಾದದ್ದು ಬೇರೆಯದೇ ಕವಿತೆ. ಮಗುವನ್ನು ಕಳೆದುಕೊಂಡ ಬೇಂದ್ರೆಯವರು ಹೆಂಡತಿಯನ್ನು ಕುರಿತು ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ದಲ್ಲಿ ಸಮಾಧಾನದ ಮಾತೇ ಇಲ್ಲವೆನ್ನಬಹುದು, ಅಳು ಬಂದರೆ ಅತ್ತುಬಿಡು, ನಗುವಿನ ಹಿಂದೆ ದುಃಖವನ್ನೇಕೆ ಮರೆಮಾಡುವೆ ಎಂದು ಗಂಡ ಕೇಳುತ್ತಾನೆ. ನಾನೂ ನನ್ನ ಹೆಂಡತಿಯೂ ಒಬ್ಬರೆದುರು ಒಬ್ಬರು ನಗುಮುಖ ಹೊತ್ತು ದಣಿದಿದ್ದ ಕಾಲವದು. ಒಂದು ರಾತ್ರಿ ಅದನ್ನು ನಾನು ಗಟ್ಟಿಯಾಗಿ ಓದಿದೆ, ಅರ್ಧಕ್ಕೆ ನಿಂತಿತು, ಉಳಿದದ್ದನ್ನು ಅವಳು ಓದಿದಳು. ಮೂತ್ರಪಿಂಡದ ಕಸಿಯ ಮಾತು, ಖರ್ಚಿನ ಮಾತು, ಮಗನಿಗೆ ಏನು ಹೇಳಬೇಕೆಂಬ ಮಾತು ಎಲ್ಲವೂ ಆ ರಾತ್ರಿಯೇ ಹೊರಬಂದವು.

ಕಾವ್ಯದಿಂದ ಆಗದ ಕೆಲಸಗಳೂ ಇವೆ. ಮೈಯಿಂದ ನೀರು ತೆಗೆಯುತ್ತ ಕೊನೆಯ ಗಂಟೆಗೆ ಬಂದಾಗ ಮೀನಖಂಡ ಹಿಡಿದುಕೊಂಡರೆ ಯಾವ ಪದ್ಯವೂ ನೆನಪಿಗೆ ಬರುವುದಿಲ್ಲ, ಬರಬೇಕೆಂದು ಕಾಯಲೂಬಾರದು. ಕೂಡಲೇ ಸಿಸ್ಟರನ್ನು ಕರೆಯಬೇಕು. ಅವರು ನೀರು ಎಳೆಯುವ ವೇಗ ತಗ್ಗಿಸಿ, ಬೇಕಾದರೆ ಸಲೈನ್ ಕೊಟ್ಟು, ಪಾದವನ್ನು ಹಿಂದಕ್ಕೆ ಒತ್ತಿ ಹಿಡಿದರೇ ಅದು ಬಿಡುವುದು. ಕಾವ್ಯ ರೋಗವನ್ನೇ ಗುಣಪಡಿಸುತ್ತದೆ ಎನ್ನುವವರ ಮುಂದೆ ನಾನು ಈ ಮೀನಖಂಡದ ಮಾತು ಎತ್ತುತ್ತೇನೆ.

ಪಕ್ಕದ ಹಾಸಿಗೆಯ ಹಿರಿಯರೊಬ್ಬರು ತಿಪಟೂರಿನ ಕಡೆಯ ತೆಂಗು ಬೆಳೆಗಾರರು. ನನ್ನ ಗುನುಗು ಅವರ ಕಿವಿಗೆ ಬಿದ್ದಮೇಲೆ ಪದ್ಯದ ಅರ್ಥವನ್ನೂ ಹೇಳಬೇಕಾಯಿತು. ಕರ್ಣಪರ್ವದ ಆಯ್ದ ಪದ್ಯಗಳು ಮುಗಿಯುತ್ತ ಬಂದಾಗ ಅವರು, “ಕರ್ಣನ್ನ ಇವತ್ತೇ ಸಾಯಿಸಬ್ಯಾಡಿ ಸಾರ್, ಶನಿವಾರಕ್ಕೂ ಒಸಿ ಉಳಿಸ್ಕಳಿ” ಎಂದರು. ಹಾಗಾಗಿ ಈಗ ಉದ್ಯೋಗಪರ್ವಕ್ಕೆ ಹಿಂದಿರುಗಿ, ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ತಿಳಿಸುವ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ.